ನಂಬರಮ್ಮ ಫೋನ್ ಇಡಲಿಲ್ಲ

ದೀಪ ಆರಿಸಿದ್ರೂ ಪರವಾಗಿಲ್ಲ. ಆದ್ರೆ ನಾನು ಹೇಳಿ ಮುಗಿಸೋ ತನಕ ಯಾರೂ ಮೊಬೈಲ್ ಕೈಗೆ ತಗೋಬಾರದು... ಯಾಕೆ ಅಂತ ಆಮೇಲೆ ನಿಮಗೇ ಗೊತ್ತಾಗತ್ತೆ.

ರಾತ್ರಿ ಹತ್ತೂವರೆ ಇರಬೇಕು. ನಮ್ಮ ಚಿಕ್ಕಪ್ಪನ ಮಗ ಆಫೀಸಿನ ಹಿಂದಿನ ಗೇಟಿಂದ ಮನೆಗೆ ನಡ್ಕೊಂಡು ಹೊರಟಿದ್ದ. ಆ ಗೇಟು ದಾಟಿದ ಕೂಡ್ಲೆ ಒಂದು ಹಳೇ ಬಾವಿ. ನೀರು ಬತ್ತಿ ಎಷ್ಟೋ ಕಾಲ ಆಗಿತ್ತು. ಯಾರೂ ಬೀಳದಿರಲಿ ಅಂತ ಮೇಲೆ ಕಬ್ಬಿಣದ ಮುಚ್ಚಳ ಕೂರಿಸಿದ್ರು. ಇವನು ಅದರ ಪಕ್ಕಕ್ಕೆ ಬಂದ...

ಟಕ್.

ನಿಂತ.

ಟಕ್... ಟಕ್.

ಹನಿ ಬಿದ್ದ ಸದ್ದಲ್ಲ. ಕಲ್ಲು ಉರುಳಿದ ಸದ್ದೂ ಅಲ್ಲ. ಪೆನ್ಸಿಲನ್ನ ತಲೆಕೆಳಗು ಹಿಡಿದು ಮರದ ಮೇಜಿನ ಮೇಲೆ ಕುಟ್ಟಿದ್ರೆ ಬರತ್ತಲ್ಲ, ಥೇಟ್ ಅದೇ. ಮುಚ್ಚಳದ ಕೆಳಗಿಂದ. ಅಷ್ಟರಲ್ಲಿ ಜೇಬಲ್ಲಿದ್ದ ಫೋನು ಹೊಡ್ಕೊಳ್ತು. ತೆಗೆದು ನೋಡಿದ್ರೆ ಪರದೆ ಮೇಲೆ ಮೂರೇ ಮೂರು ಅಂಕಿ... ನಾಲ್ಕು, ಒಂದು, ಏಳು. ಅವನ ಜೀವ ಬಾಯಿಗೆ ಬಂತು.

ಮೂರು ಅಂಕಿ ನೋಡಿ ಹೆದರೋಕೇನಿದೆ ಅಂತ ನಗಬೇಡ ಕಣೇ. ತಾಳು, ಹೇಳ್ತೀನಿ.

ಅವನು ಕೆಲಸಕ್ಕಿದ್ದದ್ದು ಒಂದು ದೊಡ್ಡ ಕಂಪ್ಯೂಟರ್ ಕಂಪೆನಿ. ಎಷ್ಟು ದೊಡ್ಡದು ಅಂದ್ರೆ, ಅವರು ಮಾರೋ ಸಾಮಾನು ಏನೇನು ಅಂತ ಅವರಿಗೇ ಪೂರ್ತಿ ಗೊತ್ತಿರಲಿಲ್ಲ. ಒಂದೊಂದು ವೈರಿಗೆ, ಒಂದೊಂದು ಸ್ಕ್ರೂಗೆ ಹನ್ನೆರಡು ಅಂಕಿಯ ನಂಬರು. ಗಿರಾಕಿ ಕೇಳಿದ ಸಾಮಾನಿನ ನಂಬರು ಹುಡುಕಿ, ಅದರ ಬೆಲೆ ಹುಡುಕಿ, ಕೊಟೇಶನ್ ಮಾಡಿ ಕಳಿಸೋದು ಇವನ ಕೆಲಸ. ಮನೇಲಿ ಚಿಕ್ಕಂದಿನಿಂದ ಇವನಿಗೆ ಗಡಿಬಿಡಿ ಅಂತಲೇ ಹೆಸರು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕ್ಕೊಂಡು ಅರ್ಧ ದಾರಿ ಹೋಗಿ ವಾಪಸ್ ಬರೋ ಪೈಕಿ. ಅಂಥವನಿಗೆ ಅಂಥ ಕೆಲಸ!

ಪುಣ್ಯಕ್ಕೆ ಆ ಕಟ್ಟಡದ ನೆಲಮಾಳಿಗೆಯಲ್ಲಿ ಒಬ್ಬಾಕೆ ಇದ್ಲು. ಎಲ್ರೂ ನಂಬರಮ್ಮ ಅಂತ ಕರೀತಿದ್ರು. ಬಾವಿ ಇದ್ದ ಕಡೆಯ ಗೋಡೆಗೆ ಅಂಟ್ಕೊಂಡ, ಕಿಟಕಿ ಇಲ್ಲದ ಕೋಣೆ, ಗೋಡೆ ತುಂಬ ಮರದ ಡ್ರಾಯರುಗಳು, ಡ್ರಾಯರಿನ ತುಂಬ ಕಾರ್ಡುಗಳು. ಒಂದು ಸಾಮಾನಿಗೆ ಒಂದು ಕಾರ್ಡು. ಕಂಪ್ಯೂಟರ್ ಮಾರೋ ಕಂಪೆನಿ, ತನ್ನ ಬೆಲೆ ತಿಳ್ಕೊಳ್ಳೋಕೆ ಮರದ ಡ್ರಾಯರು! ಆಫೀಸಿನ ಒಳಗಿನ ಫೋನಿಂದ ನಾಲ್ಕು ನೂರಾ ಹದಿನೇಳು ಒತ್ತಿದ್ರೆ ಆಕೆ ಎತ್ತೋದು. ನಮಸ್ಕಾರ ಗಿಮಸ್ಕಾರ ಇಲ್ಲ. "ಬರ್ಕೊಳ್ಳಿ" ಅನ್ನೋದು. ಮೂರು ಮೂರು ಅಂಕಿ ಹೇಳೋದು, ಮಧ್ಯ ಪೆನ್ಸಿಲಿಂದ ಟಕ್ ಅಂತ ಒಂದು ಕುಟ್ಟೋದು. ಎಲ್ಲ ಮುಗಿದ ಮೇಲೆ, "ತಿರುಗಿ ಓದಿ."

ಬರ್ಕೊಂಡಿದ್ದನ್ನ ಅವಳಿಗೆ ಪೂರ್ತಿ ಓದಿ ಹೇಳಬೇಕು. ನಂಬರೂ, ಬೆಲೆನೂ. ಕಾರ್ಡಿನ ಮೇಲೆ ಆ ದಿನದ ತಾರೀಖು, ಕೇಳಿದವರು ಯಾರು, ಇಷ್ಟು ಆಕೆ ಮೊದಲೇ ಬರೆದಿರ್ತಿದ್ಲು; ಓದಿ ಹೇಳಿದ ಮೇಲೇ ಪಕ್ಕದಲ್ಲಿ ಪೆನ್ಸಿಲಿಂದ ಒಂದು ರೈಟು ಹಾಕ್ತಿದ್ಲು. ಅಲ್ಲೀ ತನಕ ಫೋನ್ ಇಡ್ತಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಆಕೆ ಕೊಟ್ಟ ಒಂದು ನಂಬರೂ ತಪ್ಪಿರಲಿಲ್ಲ, ಒಂದು ಕಾರ್ಡೂ ಕಳೆದಿರಲಿಲ್ಲ.

ಒಂದಿನ ಒಂದು ದೊಡ್ಡ ಆಸ್ಪತ್ರೆಯವರು ಇನ್ನೂರು ಕಂಪ್ಯೂಟರಿಗೆ ಬೆಲೆ ಕೇಳಿದ್ರು. ಸ್ಕ್ರೀನ್ ಸಮೇತ ಪೂರ್ತಿ ಸೆಟ್ಟಿಗೆ ಒಂದು ಬೆಲೆ, ಸ್ಕ್ರೀನ್ ಇಲ್ಲದ ಬರೀ ಡಬ್ಬಕ್ಕೆ ಒಂದು ಬೆಲೆ, ಎರಡೂ ಬೇಕಿತ್ತು. ಗಡಿಬಿಡಿ ಫೋನ್ ಮಾಡಿದ. ಆಕೆ ಎರಡು ಕಾರ್ಡು ತೆಗೆದು ಎರಡನ್ನೂ ಹೇಳಿದ್ಲು. ಇವನು ಒಂದೇ ಚೀಟಿ ಮೇಲೆ ಗೀಚಿದ.

"ತಿರುಗಿ ಓದಿ" ಅಂದ್ಲು.

ಅವತ್ತು ಇವನಿಗೆ ಊಟಕ್ಕೆ ಹೊತ್ತಾಗಿತ್ತು. ಸ್ನೇಹಿತರು ಬಾಗಿಲಲ್ಲಿ ಕಾಯ್ತಿದ್ರು. "ಆಯ್ತಮ್ಮ, ಆಯ್ತು" ಅಂತ ಫೋನ್ ಇಟ್ಟೇಬಿಟ್ಟ.

ಊಟ ಮುಗಿಸಿ ಬಂದು ಕೊಟೇಶನ್ ಬರೆದ. ನಂಬರು ಪೂರ್ತಿ ಸೆಟ್ಟಿಂದು... ಬೆಲೆ ಬರೀ ಡಬ್ಬದ್ದು. ಆಸ್ಪತ್ರೆಯವರು ಬಿಡ್ತಾರಾ? ಅವತ್ತೇ ಸಹಿ ಹಾಕಿದ್ರು. ಇನ್ನೂರು ಸ್ಕ್ರೀನ್ ಪುಕ್ಕಟೆ ಹೋಯ್ತು.

ನಷ್ಟ ಗೊತ್ತಾಗಿ, ಯಾರ ತಪ್ಪು ಅಂತ ನಾಳೆ ವಿಚಾರಣೆ ಅಂದಾಗ ಇವನಿಗೆ ಆ ರೈಟು ನೆನಪಾಯ್ತು. ಓದಿ ಹೇಳಿಲ್ಲ ಅಂದ್ರೆ ಕಾರ್ಡಲ್ಲಿ ರೈಟು ಇರಲ್ಲ. ಸಂಜೆ ಆಕೆ ಕೈ ತೊಳೆಯೋಕೆ ಹೋಗಿದ್ದಾಗ ಕೋಣೆಗೆ ನುಗ್ಗಿ ಪೂರ್ತಿ ಸೆಟ್ಟಿನ ಕಾರ್ಡು ಎತ್ಕೊಂಡ. ಬರೀ ಡಬ್ಬದ ಕಾರ್ಡು ಯಾರೂ ಕೇಳಲ್ಲ, ಮಾರಿದ್ದು ಇದನ್ನ ತಾನೇ. ಅದನ್ನ ಜೇಬಿಗೆ ಹಾಕ್ಕೊಂಡು ಸೀದಾ ಬಂದದ್ದು... ನನ್ನ ಮನೆಗೆ.

ಹೌದು. ನನ್ನ ಮನೆಗೆ. ಈಗ ಹೇಳ್ತಿದ್ದೀನಲ್ಲ, ಕೇಳಿ.

"ಅಕ್ಕ, ಏನ್ಮಾಡ್ಲಿ? ಹೋಗಿ ಒಪ್ಕೊಂಡು ಬಿಡ್ಲಾ?" ಅಂದ.

ಒಪ್ಕೋ ಅಂತ ಒಂದು ಮಾತು ನಾನು ಅಂದಿದ್ರೆ ಅವನು ಒಪ್ಕೊಳ್ತಿದ್ದ. ಚಿಕ್ಕಂದಿನಿಂದ ನನ್ನ ಮಾತು ಮೀರಿದವನಲ್ಲ. ನಾನೇನಂದೆ ಗೊತ್ತಾ? "ಹುಚ್ಚಪ್ಪ, ಸುಮ್ನಿರು. ನಿನಗೆ ಇಬ್ಬರು ಮಕ್ಕಳಿದ್ದಾರೆ. ಆಕೆಗೆ ಹೇಗೂ ವಯಸ್ಸಾಯ್ತು. ಕೊಡು ಇಲ್ಲಿ." ತಗೊಂಡು ಬೀರುವಿನ ಕೆಳಗಿನ ಹಲಗೇಲಿ, ಹಾಸಿದ್ದ ಪೇಪರಿನ ಅಡಿಗೆ ತಳ್ಳಿದೆ. ಈ ಕೈಯಿಂದಲೇ. ಆಮೇಲೆ ಕೈ ಒರೆಸ್ಕೊಂಡು ಅವನಿಗೆ ಊಟ ಬಡಿಸಿದೆ. ನೆನೆಸ್ಕೊಂಡ್ರೆ ಈಗಲೂ ಕಿವಿ ಬಿಸಿಯಾಗತ್ತೆ.

ಮಾರನೇ ದಿನ ಮೀಟಿಂಗಿನಲ್ಲಿ ಎಲ್ಲರ ಎದುರಿಗೆ ನಂಬರಮ್ಮ ಇವನನ್ನ ಕೇಳಿದ್ದು ಒಂದೇ ಮಾತು. "ತಿರುಗಿ ಓದಿದ್ರಾ?"

"ಓದಿದೆ" ಅಂದ.

ಆಕೆ ಕಾರ್ಡು ತರೋಕೆ ಇಳಿದು ಹೋದ್ಲು. ಅರ್ಧ ಗಂಟೆ ಆಯ್ತು, ಬರಲಿಲ್ಲ. ಸಾಹೇಬರೂ ಇವನೂ ಕೆಳಗೆ ಹೋದ್ರು. ಡ್ರಾಯರು ಸರ್ರ್ ಅಂತ ಎಳೆಯೋದು, ಕಾರ್ಡು ಫರ್... ಫರ್... ಅಂತ ಮಗುಚೋದು, ಮತ್ತೆ ಎಳೆಯೋದು. ಕೊನೆಗೆ ನಿಂತು, "ಕಾರ್ಡು ಕಳೆದಿದ್ದೀನಿ ಅಂದ್ರೆ ಬೆಲೆನೂ ನಾನೇ ತಪ್ಪು ಹೇಳಿರಬೇಕು" ಅಂದ್ಲಂತೆ. ಯಾರ ಮೇಲೂ ಸಿಟ್ಟಿಲ್ಲ. ತನ್ನ ಮೇಲೇ ಅವಳಿಗೆ ನಂಬಿಕೆ ಹೋಗಿಬಿಟ್ಟಿತ್ತು.

ಆ ವಾರವೇ ಮನೆಗೆ ಕಳಿಸಿದ್ರು. ಡ್ರಾಯರುಗಳನ್ನ ಗುಜರಿಗೆ ಹಾಕಿದ್ರು. ಕೋಣೆಗೆ ಬೀಗ, ಫೋನಿನ ವೈರಿಗೆ ಕತ್ತರಿ. ಆಮೇಲೆ ಆಫೀಸಲ್ಲಿ ಯಾರೇ ಲೆಕ್ಕ ತಪ್ಪಲಿ, "ನೋಡು, ಇನ್ನೊಬ್ಬ ನಂಬರಮ್ಮ" ಅಂತ ತಮಾಷೆ ಮಾಡೋದು ರೂಢಿಯಾಯ್ತು. ಇವನೂ ನಗಬೇಕಿತ್ತಲ್ಲ, ನಗ್ತಿದ್ದ. ಎಂಟು ತಿಂಗಳಿಗೆ ಆಕೆ ಹೋಗಿಬಿಟ್ಲು. ಮಣ್ಣಿಗೆ ಆಫೀಸಿಂದ ನಾಲ್ಕು ಜನ ಹೋದ್ರಂತೆ. ಇವನು ತಲೆನೋವು ಅಂತ ಮಲಗಿದ್ದ.

ಈಗ ಬಾವಿ ಹತ್ರ ಬನ್ನಿ.

ಕತ್ತರಿಸಿದ ವೈರಿನ ಫೋನು, ಬೀಗ ಹಾಕಿದ ಕೋಣೆ... ಅಲ್ಲಿಂದ ಕರೆ. ಎತ್ತಿದ. ಯಾಕೆ ಎತ್ತಿದೆಯೋ ಅಂದ್ರೆ, ಗೊತ್ತಿಲ್ಲ ಅಕ್ಕ, ಕೈ ತಾನೇ ಎತ್ತಿತು ಅಂದ.

"ಬರ್ಕೊಳ್ಳಿ."

ಪಿಸುಮಾತು. ಆದ್ರೆ ಅದೇ ದನಿ. ಮೂರು ಅಂಕಿ... ಟಕ್. ಮೂರು ಅಂಕಿ... ಟಕ್. ಇವನು ಅಂಗೈ ಮೇಲೆ ಬರ್ಕೊಂಡ. ಕೊನೆಗೆ ಬೆಲೆ. ಆಮೇಲೆ, "ತಿರುಗಿ ಓದಿ."

ಫೋನ್ ಕಟ್ ಮಾಡಿ ಮನೆ ತನಕ ಓಡಿದ.

ಆವತ್ತು ಅವನು ಇಡೀ ದಿನ ಒಂದು ಹಳೇ ಯಂತ್ರದ ಫ್ಯಾನಿನ ನಂಬರಿಗೆ ಹುಡುಕಾಡಿದ್ದ. ಡ್ರಾಯರು ಹೋಗಿ ಹೊಸ ಪ್ರೋಗ್ರಾಮು ಬಂದಿತ್ತು ನೋಡಿ. ಫ್ಯಾನ್ ಅಂತ ಕೇಳಿದ್ರೆ ಒಂಬೈನೂರು ಸಾಲು ತೋರಿಸೋದು. ಬೆಲೆ ಜಾಗದಲ್ಲಿ, ನಾಲ್ಕು ನೂರಾ ಹದಿನೇಳಕ್ಕೆ ವಿಚಾರಿಸಿ ಅಂತ ಬರೋದು! ಬೆಳಗ್ಗೆ ಅಂಗೈ ನೋಡ್ಕೊಂಡು ಗೋದಾಮಿಗೆ ಕೇಳಿದ. ಅದೇ ಫ್ಯಾನು. ಅದೇ ನಂಬರು. ಬೆಲೆ ಸರಿಯಾಗಿತ್ತು.

ಬೇರೆ ಯಾರಾದ್ರೂ ಆಗಿದ್ರೆ ಆ ದಾರಿ ಬಿಡ್ತಿದ್ರು ಅಲ್ವಾ? ಇವನು ಮಾರನೇ ದಿನ ಬೇಕಂತಲೇ ತಡ ಮಾಡಿ ಹೊರಟ. ಬಾವಿ ಹತ್ರ ನಿಂತ. ಟಕ್... ಫೋನು. ಹೀಗೆ ಆರು ವಾರ. ಇಡೀ ಆಫೀಸಲ್ಲಿ ಯಾರಿಗೂ ಸಿಗದ ನಂಬರು ಇವನಿಗೆ ಸಿಗೋದು. ಸಾಹೇಬರು ಬೆನ್ನು ತಟ್ಟಿದ್ರು. ಇವನು ಬೆನ್ನು ತಟ್ಟಿಸ್ಕೊಂಡ. ಪ್ರತಿ ರಾತ್ರಿ ಆಕೆ "ತಿರುಗಿ ಓದಿ" ಅನ್ನೋದು, ಪ್ರತಿ ರಾತ್ರಿ ಇವನು ಫೋನ್ ಕಟ್ ಮಾಡೋದು. ಅವಳ ಅನ್ನ ಕಿತ್ತುಕೊಂಡಿದ್ದು ಸಾಲದು ಅಂತ, ಸತ್ತ ಮೇಲೂ ಅವಳ ಕೈಲಿ ಕೆಲಸ ಮಾಡಿಸ್ಕೊಂಡ. ಅವನು ನನ್ನ ತಮ್ಮ. ಆದ್ರೂ ಅನ್ನಲೇಬೇಕು.

ಒಂದು ರಾತ್ರಿ... ನಂಬರು ಬರಲಿಲ್ಲ.

ಫರ್... ಫರ್... ಕಾರ್ಡು ಮಗುಚೋ ಸದ್ದು. ಡ್ರಾಯರು ಸರ್ರ್. ಮತ್ತೆ ಫರ್... ಫರ್...

"ಕಾರ್ಡು ಸಿಗ್ತಿಲ್ಲ" ಅಂದ್ಲು. ಮತ್ತೆ ಹುಡುಕೋ ಸದ್ದು. "ಇಲ್ಲೇ ಇಟ್ಟಿದ್ದೆ..."

ಕಟ್ ಮಾಡೋಕೆ ಗುಂಡಿ ಒತ್ತಿದ. ನಿಲ್ಲಲಿಲ್ಲ. ಮತ್ತೆ ಒತ್ತಿದ. ಫರ್... ಫರ್... ಇವನು ಬಾವಿಕಟ್ಟೆ ಮೇಲೆ ಕೂತುಬಿಟ್ಟ. ಅಳ್ತಾ, ಆಸ್ಪತ್ರೆಗೆ ಕೊಟ್ಟ ಆ ನಂಬರು, ಅದರ ಸರಿಯಾದ ಬೆಲೆ, ಎರಡನ್ನೂ ಓದಿ ಹೇಳಿದ. ಬಾಯಿಪಾಠ ಆಗಿತ್ತು ಅವನಿಗೆ.

ಸದ್ದು ನಿಂತಿತು.

"ನನ್ನ ಹತ್ರ ಅಲ್ಲ" ಅಂದ್ಲು. "ಓದಿದೆ ಅಂತ ಎಲ್ಲಿ ಹೇಳಿದ್ರೋ... ಅಲ್ಲಿ."

ಹನ್ನೆರಡು ಗಂಟೆಗೆ ನನ್ನ ಮನೆ ಬಾಗಿಲು ಬಡಿದ. ಮೈಯೆಲ್ಲ ಬೆವರು. ಎಲ್ಲ ಹೇಳಿ, ಫೋನನ್ನ ನಮ್ಮ ಊಟದ ಮೇಜಿನ ಮೇಲಿಟ್ಟ. ಪರದೆ ಮೇಲೆ ಮೂರು ಅಂಕಿ, ಕೆಳಗೆ ನಿಮಿಷ ಓಡ್ತಾನೇ ಇತ್ತು.

"ಅಕ್ಕ... ಆಕೆ ಫೋನ್ ಇಡ್ತಿಲ್ಲ."

ನಾನು ಬೈದೆ. ಹುಚ್ಚು ಹಿಡಿದಿದೆ ನಿನಗೆ ಅಂದೆ. ಬೈತಾ ಬೈತಾ ಫೋನ್ ಕಿವಿಗಿಟ್ಟೆ. ಇದು ನಾನೇ ಕೇಳಿದ್ದು. ಬೇರೆಯವರ ಬಾಯಿಂದ ಬಂದಿದ್ದಲ್ಲ. ಫರ್... ಫರ್... ಫರ್... ಒಂದೊಂದೇ ಕಾರ್ಡು. ಆಕೆ ಮತ್ತೆ ಹುಡುಕೋಕೆ ಶುರು ಮಾಡಿದ್ಲು. ನನ್ನ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರಕ್ಕೆ ಬೀರು. ತಿರುಗಿ ನೋಡೋಕೆ ಧೈರ್ಯ ಬರಲಿಲ್ಲ. "ಅಮ್ಮ, ಕಾರ್ಡು ಇಲ್ಲಿದೆ" ಅಂತ ಒಂದು ಮಾತು ಹೇಳಬಹುದಿತ್ತು. ಫೋನನ್ನ ಮೆಲ್ಲಗೆ ಮೇಜಿನ ಮೇಲಿಟ್ಟು ಅದರ ಮೇಲೆ ಟವೆಲ್ ಮುಚ್ಚಿದೆ. ಬೆಳಕು ಹರಿಯೋ ತನಕ ಇಬ್ಬರೂ ಹಾಗೇ ಕೂತಿದ್ವಿ.

ಸೋಮವಾರ ಮೀಟಿಂಗಿನಲ್ಲಿ ಅವನು ಎದ್ದು ನಿಂತ. ಎಲ್ಲರ ಎದುರಿಗೆ ಆ ನಂಬರು, ಸರಿಯಾದ ಬೆಲೆ ಓದಿದ. "ಅವತ್ತು ನಾನು ತಿರುಗಿ ಓದಲಿಲ್ಲ. ಓದಿದೆ ಅಂದಿದ್ದು ಸುಳ್ಳು. ಕಾರ್ಡು ತೆಗೆದಿದ್ದೂ ನಾನೇ. ಆಕೆ ಏನೂ ತಪ್ಪು ಹೇಳಿರಲಿಲ್ಲ" ಅಂದ. ಸಾಹೇಬರು, "ಹಳೇ ವಿಷಯ, ಈಗ್ಯಾಕಪ್ಪ ಅದೆಲ್ಲ" ಅಂದ್ರಂತೆ. ಆದ್ರೂ ಅವನು ಬಿಡಲಿಲ್ಲ, ಬರೆದು ಸಹಿ ಹಾಕಿ ಕೊಟ್ಟ. ಕೊಟೇಶನ್ ಕೆಲಸ ಹೋಯ್ತು, ಗೋದಾಮಿಗೆ ಹಾಕಿದ್ರು. ಅವತ್ತಿಂದ ನಂಬರಮ್ಮನ ತಮಾಷೆ ಆ ಆಫೀಸಲ್ಲಿ ಯಾರೂ ಮಾಡಲಿಲ್ಲ. ಆ ಕರೆ ಅವತ್ತೇ ತಾನಾಗೇ ನಿಂತಿತ್ತು, ಮತ್ತೆ ಫೋನೂ ಬರಲಿಲ್ಲ.

ಆದ್ರೆ ಒಂದು. ಕಾರ್ಡು ತೆಗೆದಿದ್ದು ನಾನು ಅಂದ. ಬಚ್ಚಿಟ್ಟಿದ್ದು ಯಾರು ಅಂತ ಹೇಳಲಿಲ್ಲ. ಅಕ್ಕನ ಮರ್ಯಾದೆ ಉಳಿಸಿದ, ಪಾಪ. ನಾನೂ ಉಳಿಸ್ಕೊಂಡೆ.

ಅವತ್ತು ಸಂಜೆ ಬೀರು ತೆಗೆದು ಪೇಪರ್ ಎತ್ತಿ ನೋಡಿದೆ. ಅವನ ಹೆಸರಿನ ಮುಂದೆ ಖಾಲಿ ಇದ್ದ ಜಾಗದಲ್ಲಿ ಪೆನ್ಸಿಲಿಂದ ಒಂದು ರೈಟು. ನನ್ನ ಮನೇಲಿ ಆ ಬೀರುವಿಗೆ ಬೀಗ ಇತ್ತು, ಬೀಗದ ಕೈ ನನ್ನ ಸೊಂಟದಲ್ಲಿತ್ತು. ನಂಬಿ, ಬಿಡಿ. ಸುಳ್ಳು ಹೇಳಿ ಪಡೆದಿದ್ದು ಸಾಕಾಗಿದೆ ನನಗೆ, ಇದು ನಡೆದಿದ್ದು.

ಹತ್ತೊಂಬತ್ತು ವರ್ಷ ಆಯ್ತು. ಇದನ್ನ ನಾನು ಯಾರಿಗೂ ಹೇಳಿರಲಿಲ್ಲ. ನಿಮ್ಮ ದೊಡ್ಡಪ್ಪನಿಗೂ ಹೇಳಲಿಲ್ಲ. ಇವತ್ತು ಯಾಕೆ ಹೇಳಿದೆ ಅಂದ್ರೆ... ಆ ರೈಟಿನ ಕೆಳಗೆ ಇನ್ನೊಂದು ಸಾಲು ಇತ್ತು. ಆಕೆಯದೇ ಅಕ್ಷರ. ಕೇಳಿದವರು ಅನ್ನೋ ಜಾಗದಲ್ಲಿ "ಅಕ್ಕ" ಅಂತ ಬರೆದಿತ್ತು. ಪಕ್ಕದಲ್ಲಿ ರೈಟು ಇರಲಿಲ್ಲ.

ಕಾರ್ಡು ಈಗಲೂ ಅಲ್ಲೇ ಇದೆ. ಕೆಳಗಿನ ಹಲಗೆ, ಪೇಪರಿನ ಅಡಿ. ತಗೋ ಬೀಗದ ಕೈ... ನಿಮ್ಮಲ್ಲಿ ಯಾರಾದ್ರೂ ಹೋಗಿ, ಈಗ ರೈಟು ಬಿದ್ದಿದೆಯಾ ನೋಡ್ಕೊಂಡು ಬನ್ನಿ.