ಹಂಗೇರಿಗೆ ಹೋದ ಹಾಡು

ಧರ್ಮಪುರಿ ಬಸ್ ನಿಲ್ದಾಣದಲ್ಲಿ ಕಾರಿಮಂಗಲದ ಬಸ್ಸಿಗೆ ಕಾಯುತ್ತಿದ್ದ ಗೋವಿಂದಮ್ಮನಿಗೆ ಪಕ್ಕದ ಹುಡುಗಿಯ ಫೋನಿನಿಂದ ಹಾಡೊಂದು ಕೇಳಿಸಿತು. ಪಿಟೀಲು, ಗಿಟಾರು, ಡ್ರಮ್ಮುಗಳ ನಡುವೆ ಕನ್ನಡದ ಹೆಂಗಸೊಬ್ಬಳ ದನಿ. ಗೋವಿಂದಮ್ಮನ ಕಾಲು ತಾನಾಗಿ ತಾಳ ಹಾಕತೊಡಗಿತು.

"ಇದು ನನ್ನ ದನಿ ಅಲ್ವಾ ರೋಜಾ?" ಎಂದಳು ಹುಡುಗಿಯ ತಾಯಿ.

"ಊಂ ಅಮ್ಮಾ. ಹೊಗೆನಕಲ್‌ಗೆ ಬಂದಿದ್ರಲ್ಲಾ, ಹಂಗೇರಿ ಬ್ಯಾಂಡ್‌ನೋರು. ಅವ್ರ ಊರಿನ ಅಳೇ ಕಾಲದ ಪಾಟಿಗೆ ಒಸ ಮ್ಯೂಸಿಕ್ ಸೇರಿಸ್ತಾರೆ. ನಮ್ದೂ ಒಂದು ಬೇಕು ಅಂದ್ರು. ನೀನು ಆಡ್ತಿದ್ದಾಗ ಫೋನ್‌ನಾಗೆ ಇಡ್ಕಂಡಿದ್ನಲ್ಲಾ, ಅದ್ನ ಕಳಿಸ್ಬಿಟ್ಟೆ."

"ನಿಮ್ಮಣ್ಣ ಒಳೇಲಿ ಮುಳುಗಿ ಓದಾಗಿಂದ ನಾನು ಅವನ್ನ ನೆನ್ಸ್ಕೊಂಡು ಅಳೋ ಪಾಟು ಕಣೇ ಅದು."

ಗೋವಿಂದಮ್ಮ ಕಾಲನ್ನು ಸೀರೆಯ ನೆರಿಗೆಯೊಳಕ್ಕೆ ಎಳೆದುಕೊಂಡಳು. ಕದಿಯುವಾಗ ಸಿಕ್ಕಿಬಿದ್ದವಳಂತೆ ಅವಳ ತಲೆ ತಗ್ಗಿತು.

ತಾಯಿ ಫೋನಿನತ್ತ ಬಗ್ಗಿದಳು. "ವಿಡಿಯೋನಾಗೆ ಎಲ್ರೂ ಕುಣೀತಾವ್ರಲ್ಲಾ?"

"ಅವ್ರಿಗೆ ಗೊತ್ತಿಲ್ಲಮ್ಮಾ. ಮದ್ವೆ ಪಾಟು ಅಂತ ಏಳಿದ್ದೆ."

"ಯಾಕೆ ಅಂಗಂದೆ?"

"ಅಳೋ ಪಾಟು ಅಂದ್ರೆ ಬ್ಯಾಡ ಅಂತಾರೇನೋ ಅಂತ." ಎಂದಳು ರೋಜಾ. "ತಪ್ಪಾಯ್ತಮ್ಮಾ. ತೆಗ್ದುಬಿಡ್ರಿ ಅಂತ ಮೆಸೇಜ್ ಆಕ್ಲಾ?"

ತಾಯಿ ಹಾಡನ್ನು ಕೊನೆಯವರೆಗೂ ಕೇಳಿದಳು.

"ತೆಗೆಸ್ಬ್ಯಾಡ. ಅಷ್ಟು ದೂರ ಅವನ್ನ ಯಾರು ಕರ್ಕೊಂಡೋಗ್ತಿದ್ರು? ಯಾರ್ಗೋಸ್ಕರ ಅತ್ತಿದ್ದು ಅಂತ ಬರಿ. ಪಳನಿ ಅಂತ ನಿಮ್ಮಣ್ಣನ ಎಸ್ರು ಆಕು. ಆಮೇಲೂ ಕುಣೀತಾರಾ, ನೋಡಾಣ."

ಹೊಗೆನಕಲ್ ಬಸ್ಸು ಬಂದು ನಿಂತಿತು. ತಾಯಿ ಚೀಲ ಎತ್ತಿಕೊಂಡು ಹತ್ತಿದಳು. ಹಿಂದಿದ್ದವರು ಮುಂದೆ ಹೋಗಮ್ಮಾ ಎಂದು ಗೊಣಗುತ್ತಿದ್ದರೂ ರೋಜಾ ಮೆಟ್ಟಿಲ ಮೇಲೆಯೇ ನಿಂತು ಬರೆಯತೊಡಗಿದ್ದಳು.