ಐಲೀನ್ ಹಡಗಿನ ಬಾಗಲಾ

ಆ ದೀಪ ಸಣ್ಣ ಮಾಡ್ರಿ. ಹುಡುಗ್ರು ಮಲಗ್ಯಾವೇನು?... ಹಾಂ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಕಾಕಾನ ಮಗ ಕಲ್ಲೇಶಗ ಆಗಿದ್ದು. ಇಲ್ಲೇ ಹ್ಯಾಮಿಲ್ಟನ್‌ದಾಗ ಹಾಲಿನ ಪುಡಿ ಫ್ಯಾಕ್ಟರಿ ಇಂಜಿನಿಯರ್ ಅದಾನ.

ಹ್ವಾದ ಚಳಿಗಾಲ ಅಂವ, ಅವನ ಹೆಂಡ್ತಿ ಪ್ರಾಚಿ, ಇಬ್ರೂ ರಜಾಕ್ಕಂತ ಸಮುದ್ರದ ದಂಡಿಗೆ ಒಂದು ಬ್ಯಾಚ್ ಹಿಡಿದಿದ್ರು, ರಜಾದ ಮನಿಗೆ ಇಲ್ಲಿ ಹಂಗ ಅಂತಾರ. ಹಳೇ ಕಟಿಗಿ ಮನಿ. ರಾತ್ರಿ ಊಟ ಆದಮ್ಯಾಲ ದಂಡಿಗುಂಟ ಅಡ್ಡಾಡಿ ಹೊಳ್ಳಿ ಬರಾಕತ್ತಿದ್ರು. ದಾರ್ಯಾಗ ಒಂದು ದೊಡ್ಡ ಪೊಹುಟುಕಾವಾ ಗಿಡ, ನಮ್ಮ ಆಲದ ಗಿಡದಂಗ ಬೇರು ಇಳಿಬಿಟ್ಟಿತ್ತು. ಅದರ ಬುಡಕ್ಕ ಬಂದಾಗ ಪ್ರಾಚಿ ನಿಂತ್ಲು.

"ರೀ... ಕೇಳ್ರಿ."

ಟಣ್... ಟಣ್... ಟಣ್. ಕಬ್ಬಿಣದ ಮ್ಯಾಲ ಕಬ್ಬಿಣ ಬಡಿದಂಗ. ಬ್ಯಾಚ್ ಕಡಿಂದ.

"ಪೈಪ್ ಇರಬೇಕು ಬಾ," ಅಂದ ಕಲ್ಲೇಶ.

"ಪೈಪ್ ಹಿಂಗ ತಡದು ತಡದು ಬಡಿತೈತೇನ್ರಿ?"

ಆ ಬ್ಯಾಚಿನ ಮಲಗೋ ಖೋಲಿ ಹಡಗಿನದು. ಕೀಲಿ ಕೊಡೋ ಮುಂದ ಮಾಲಕ ಗ್ರೇಮ್ ಅಂಕಲ್ ಹೇಳಿದ್ರಂತ. ನೂರು ವರ್ಷದ ಹಿಂದ 'ಐಲೀನ್' ಅಂತ ಒಂದು ಉಗಿ ಹಡಗ. ಬೆಣ್ಣಿ ಪೆಟ್ಟಿಗಿ, ಉಣ್ಣೆ, ಕುರಿ, ಮಂದಿ, ಎಲ್ಲಾ ಹೊತ್ತು ಬಂದರದಿಂದ ಬಂದರಕ್ಕ ತಿರಗತಿತ್ತು. ಒಮ್ಮೆ ಬಿರುಗಾಳ್ಯಾಗ ತಳಕ್ಕ ನೀರು ನುಗ್ಗಿತು. ಹಡಗ ಉಳಸಾಕ ಕ್ಯಾಪ್ಟನ್ ಕೆಳಗಿನ ಬಾಗಲಾ ಹೊರಗಿಂದ ಹಾಕ್ಸಿದ. ಒಳಗ ಒಲಿಗೆ ಕಲ್ಲಿದ್ದಲು ಹಾಕೋ ಆಳುಗಳಿದ್ರು... ಹಡಗ ಉಳೀತು. ಮತ್ತೂ ಎಷ್ಟೋ ವರ್ಷ ಅದೇ ದಾರಿ, ಅದೇ ಬೆಣ್ಣಿ. ಮ್ಯಾಲ ಮದಿವಿ ಮಂದಿ ಹಾಡಕೋತ ಹೋಗತಿದ್ರು. ಮುದಿ ಆದಮ್ಯಾಲ ಎಂಜಿನ್ ಕಿತ್ತು, ಕಲ್ಲಿದ್ದಲು ತುಂಬೋ ಉಗ್ರಾಣ ಮಾಡಿ, ಬಂದರದಾಗ ಕಟ್ಟಿ ಹಾಕಿದ್ರು. ಕಡೀಕ ಒಡದು ಮಾರಿದ್ರು. ಗ್ರೇಮ್ ಅವರ ಅಜ್ಜ ಅದರ ಹಲಗಿ ತಂದು ಖೋಲಿ ಕಟ್ಟಿದ. ಆ ಕಬ್ಬಿಣದ ಬಾಗಲಾನೂ ತಂದು ಅದಕ್ಕ ಹಚ್ಚಿದ.

"ಬಾಗಲಾ ತೆರದು ಗ್ವಾಡಿ ಕೊಂಡಿಗೆ ಸಿಗಿಸೇ ಇರ್ಲಿ. ಹಾಕಬ್ಯಾಡ್ರಿ," ಅಂದಿದ್ರು ಅಂಕಲ್. ಕಲ್ಲೇಶ ನಕ್ಕಿದ್ದ.

ಮನಿಗೆ ಬಂದ್ರು. ಬಡಿಯೋ ಸಪ್ಪಳ ನಿಂತಿತ್ತು. ಪ್ರಾಚಿ ಚಾ ಕಾಸಾಕ ಹೋದ್ಲು. ಕಲ್ಲೇಶ ಖೋಲಿಗೆ ಹೋದಾಂವ, ಥಂಡಿ ಅಂತ ಕೊಂಡಿ ಬಿಚ್ಚಿ ಬಾಗಲಾ ಹಾಕ್ಕೊಂಡ. ಖಟ್.

ಲೈಟ್ ಹೋತು. ಹಿಡಿಕಿ ತಿರುವಿದ, ತಿರಗಲಿಲ್ಲ. ಕಿಡಕಿ ಇದ್ದಲ್ಲಿ ಕೈ ಆಡಿಸಿದ... ಬರೇ ಕಬ್ಬಿಣ. ಕಾಲಿಗೆ ನೀರು ಹತ್ತಿತು. ಗುಳು ಗುಳು ಗುಳು ಅಂತ ಏರಾಕತ್ತಿತು. ಕತ್ತಲ್ಯಾಗ, ಅವನ ಬಾಜೂಕ, ಯಾರೋ ಉಸಿರಾಡಾಕತ್ತಿದ್ರು... ಒಬ್ರಲ್ಲ.

"ಪ್ರಾಚೀ!" ಅಂತ ಚೀರಿದ. ಮುಷ್ಟಿಲೆ ಬಡದ. ಬಾಜೂದಾಂವ ಸಲಿಕಿಲೆ ಬಡದ. ಟಣ್... ಟಣ್... ಟಣ್.

ಈ ಕಡೆ ಪ್ರಾಚಿ ಚಾ ತಗೊಂಡು ಬಂದು ನೋಡ್ತಾಳ, ಬಾಗಲಾ ತೆರದೇ ಐತಿ. ಕೊಂಡಿ ಸಿಗಿಸಿದ್ದು ಸಿಗಿಸಿದಂಗ. ಲೈಟ್ ಹತ್ತೈತಿ. ಹಾಸಿಗಿ ಖಾಲಿ. ಹೊರಗ ಓಡಿದ್ಲು, ಕೂಗಿದ್ಲು, ಕಾರಿನ್ಯಾಗ ನೋಡಿದ್ಲು. ಹೊಳ್ಳಿ ಬಂದಾಗ ಸಪ್ಪಳ ಕೇಳಿತು. ಆ ಬಾಗಲಾದ ಮ್ಯಾಲ ಅಂಗೈ ಇಟ್ಲು... ಒಳಗಿಂದ ಬಡಿಯೋದು ಕೈಗೆ ಹತ್ತತಿತ್ತು.

"ರೀ... ಒಳಗ ಅದೀರೇನು?"

ಭಾಳ ದೂರದಿಂದ ಬಂತು. "ತಗೀ..."

ತೆರದಿದ್ದನ್ನ ಹೆಂಗ ತಗಿಯೋದು? ಮೊದಲು ಹಾಕಬೇಕು. ಹೊರಗ ನಿಂತು, ಗಂಡ ಒಳಗಿರೂವಾಗ, ಆ ಕ್ಯಾಪ್ಟನ್ ಹಾಕಿಸಿದಂಗ. ಆಮ್ಯಾಲ ತಗಿಯಾಕ ಬರದಿದ್ರ?...

ಕೊಂಡಿ ಬಿಚ್ಚಿದ್ಲು. ಹಾಕಿದ್ಲು. ಖಟ್.

ಬಡಿತ ನಿಂತೇ ಹೋತು.

ಹಿಡಿಕಿಗೆ ಜೋತುಬಿದ್ದು ಎಳದ್ಲು. ಬರಲಿಲ್ಲ. ಗ್ವಾಡಿಗೆ ಕಾಲು ಕೊಟ್ಟು, ಶಿವಾ ಅಂತ ಎಳದ್ಲು. ಕಿರ್ರ್... ನೀರು ಧೊಪ್ಪಂತ ಹೊರಗ ಬಿತ್ತು. ಅದರ ಜೋಡಿ ಕಲ್ಲೇಶ.

ಅಕಿ ಹೆದರಿ ಬಾಗಲಾ ಹಾಕಾಕ ಹೋದ್ಲು. ಅಂವ ಅಕಿ ಕಾಲು ಹಿಡದ.

"ಹಾಕಬ್ಯಾಡ... ಅವ್ರೂ ಬರ್ಲಿ."

ಇಬ್ರೂ ಗ್ವಾಡಿಗೆ ಸರದು ಕುಂತ್ರು. ಯಾರೂ ಕಾಣಲಿಲ್ಲ. ಒದ್ದಿ ಕಾಲಿನ ಸಪ್ಪಳ ಮಾತ್ರ... ಪಚ್, ಪಚ್, ಪಚ್. ಅವರ ಮುಂದ ಹಾದು ಹೊರಗ ಹೋತು. ಒಬ್ಬಂವ ಕೆಮ್ಮಿದ.

ಆ ರಾತ್ರಿನೇ ಕಾರ್ ಹತ್ತಿ, ನಸಿಕಿನ್ಯಾಗ ನಮ್ಮ ಮನಿಗೆ ಬಂದ್ರು. ಕಲ್ಲೇಶ ನಿಂತೇ ರೊಟ್ಟಿ ತಿಂದ, ಡಬ್ಬಿ ಖಾಲಿ ಆಗೂ ಮಟ. ಅಂವ ಕಾಣದಿದ್ದದ್ದು ಭಾಳ ಅಂದ್ರ ಅರ್ಧ ತಾಸು ಅಂತಾಳ ಪ್ರಾಚಿ. ನೀವು ನಂಬ್ರಿ, ಬಿಡ್ರಿ. ಹಿಂದಿನ ದಿನ ಹೋಗೋ ಮುಂದ ನಮ್ಮ ಮನಿಗೆ ಬಂದಿದ್ದ, ಗಲ್ಲ ನುಣ್ಣಗ ಇತ್ತು. ಈಗ ಎದಿಗೆ ಹತ್ತೂ ಹಂಗ ಗಡ್ಡ ಬೆಳದಿತ್ತು. ಮೊದಲು ಕತ್ತರಿಸಿ, ಆಮ್ಯಾಲ ಬೋಳಿಸಬೇಕಾತು.

ಕತ್ತರಿ ಕೊಟ್ಟಾಕಿ ನಾನ.