ಗೇಣುದ್ದ ಕೊಯ್ದ ದಂಡಿ

ವಾಡಿ ಸ್ಟೇಷನ್ನಿನಲ್ಲಿ ರಾಯಚೂರು ಗಾಡಿಗಾಗಿ ಕಾಯುತ್ತಿದ್ದ ನರಸಪ್ಪನಿಗೆ ಪಕ್ಕದ ಅಣ್ಣತಂಗಿಯರ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಅಪ್ಪ ತೀರಿದ ಸುದ್ದಿ ಕೇಳಿ ಶಹಾಬಾದಿನ ತಂಗಿಯ ಮನೆಯಿಂದ ಸೇಡಂಗೆ ಹೊರಟವರು. ತಂಗಿಯ ಮಡಿಲಲ್ಲಿ ಅಪ್ಪನ ತಂಬೂರಿಯಿತ್ತು.

"ಅಣ್ಣಾ, ತಂತಿ ಯಾಕ ಇಷ್ಟು ಜೋಲು ಬಿದ್ದದ?"

"ಅಪ್ಪಗ ಎತ್ತಿ ಹಿಡೀಲಿಕ್ಕಿ ಆಗ್ತಿರಲಿಲ್ಲವ್ವ. ಹಗುರಾಗ್ಲಿ ಅಂತ ಮ್ಯಾಲಿನ ಉದ್ದನ್ನ ದಂಡಿ ಒಂದು ಗೇಣು ಕೊಯ್ಸಿದೆ."

"ಬಿಗಿ ಮಾಡ್ಬೇಕಿತ್ತು."

"ಬಿಗಿ ಮಾಡಿದ್ರ ಶ್ರುತಿ ಮ್ಯಾಲ ಹೋಗ್ತದ. ಅಪ್ಪನ ದನಿ ಅಲ್ಲಿಗಿ ಮುಟ್ತಿರಲಿಲ್ಲ. ಅವನ ಶ್ರುತಿಗಿ ಇಳಿಸಿದ್ರ ಹಿಂಗ, ಬೆರಳಿಗಿ ಹತ್ತಂಗಿಲ್ಲ."

"ದಪ್ಪ ತಂತಿ ಹಾಕ್ಲಿಕ್ಕಿ ಏನಾಗಿತ್ತು?"

"ಅದಕ್ಕೇ ನಿಮ್ಮ ಶಹಾಬಾದಿಗಿ ತಂದಿದ್ದೆ. ರಜಾಕಾರರ ಗದ್ಲದಾಗ ಅಂಗಡಿ ಎಲ್ಲಾ ಮುಚ್ಯಾವ."

"ದಂಡಿ ಕೊಯ್ಸಿದ್ದಕ್ಕ ಅಪ್ಪ ಏನಂದ?"

"ಒಮ್ಮೆ ಮೀಟಿ ಗ್ವಾಡಿಗಿ ಆನಿಸಿಟ್ಟ. ಆಮ್ಯಾಲ ಹಾಡಲೇ ಇಲ್ಲ."

ನರಸಪ್ಪ ಎದ್ದು ಹೋಗಬೇಕೆಂದುಕೊಂಡ, ಏಳಲಾಗಲಿಲ್ಲ.

"ಊರಾಗ ಅಪ್ಪನ್ನ ಕುಂದ್ರಿಸಿ ಭಜನಿ ಮಾಡಾಕತ್ತಾರ," ಎಂದಳು ತಂಗಿ. "ಹೋದಕೂಡ್ಲೆ ತಂಬೂರಿ ಕೇಳ್ತಾರ. ದಾರ್ಯಾಗ ಮುರೀತು ಅಂತ ಹೇಳ್ತೀನಿ."

"ಮುರಿದಿಲ್ಲಲ್ಲವ್ವ."

"ಮತ್ತ ಅಪ್ಪನ ಮುಂದ ಇದನ್ನೇ ಮೀಟಿಸ್ತೀಯೇನು?"

ಸೇಡಂ ಗಾಡಿ ಬಂತು. ಹತ್ತುವಾಗ ತಂಬೂರಿ ಬಾಗಿಲಿಗೆ ತಗಲಿ ತಂತಿ ಮಂದವಾಗಿ ಗೊರಗುಟ್ಟಿತು. ತಂಗಿ ಅದನ್ನು ಅಂಗೈಯಿಂದ ಒತ್ತಿ ಹಿಡಿದು ಒಳಗೆ ಹೋದಳು.